ರಮ್ಯಳ ಕಾಯಿಲೆಗೆ ಒಂದು ಹೆಸರು

ಜುಲೈ 8, ಮಂಗಳವಾರ

ರೊಟ್ಟಿ ತಟ್ಟಿಟ್ಟು, ಅಂಗನವಾಡಿಗೆ ಅರ್ಧ ದಿನ ರಜೆ ಹೇಳಿ, ರಮ್ಯಳನ್ನು ಎಬ್ಬಿಸಿಕೊಂಡು ಗುರುಪುರದಿಂದ ಹುಣಸೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಇಳಿಯುವಾಗ, "ನನ್ ಹಿಂದೆ ಬರ್ಬೇಡ, ನಿನ್ ಮುಖ ನೋಡಿದ್ರೆ ಉರಿಯುತ್ತೆ" ಅಂದಳು. ಒಂದೇ ಟಿಕೆಟ್ಟಿಗೆ ಇಬ್ಬರು ಹೆಣ್ಣುಮಕ್ಕಳು ಬಂದ ಹಾಗೆ. ಹದಿನಾರು ವರ್ಷ ಸಾಕಿದವಳಿಗೇ ಯಾವಳು ನನ್ನವಳು ಅಂತ ತಿಳಿಯುವುದಿಲ್ಲ.

ಆಸ್ಪತ್ರೆಯ ಮನೋವೈದ್ಯೆ ಡಾಕ್ಟರ್ ಸಂಘಮಿತ್ರ ಅವರನ್ನು ಇವತ್ತು ಬಿಡಲಿಲ್ಲ. ಏನು ಕಾಯಿಲೆ, ಹೆಸರು ಹೇಳಿ ಮೇಡಂ ಅಂತ ಪಟ್ಟು ಹಿಡಿದೆ.

"ಪುಷ್ಪಾ ಅವರೇ, ಲಕ್ಷಣಗಳಿವೆ, ಇಲ್ಲ ಅನ್ನಲ್ಲ. ಆದ್ರೆ ಈ ವಯಸ್ಸಲ್ಲಿ ಪರ್ಸನಾಲಿಟಿ ಇನ್ನೂ ಬೆಳೀತಾ ಇರುತ್ತೆ. ಸ್ವಲ್ಪ ಕಾಲ ನೋಡ್ದೆ ಹೆಸರು ಅಂಟಿಸಬಾರದು. ಚಿಕಿತ್ಸೆ ಹೇಗೂ ನಡೀತಿದೆ. ಹೆಸರು ಹೇಳೋ ದಿನ ಬಂದ್ರೆ ಮೊದಲು ಅವಳಿಗೇ ಹೇಳ್ತೀನಿ."

ಸಿಟ್ಟು ಬಂತು. ಅತ್ತೆ ಗಾಳಿ ಸೋಕಿದೆ ಅನ್ನುತ್ತಾರೆ. ನಮ್ಮ ಮನೆಯವರು ಕೊಬ್ಬು ಅನ್ನುತ್ತಾರೆ. ಊರಿನವರು ಯಾವನೋ ಹುಡುಗ ಕೈಕೊಟ್ಟ ಅನ್ನುತ್ತಾರೆ. ಎಲ್ಲರ ಹತ್ತಿರವೂ ಒಂದೊಂದು ಹೆಸರಿದೆ… ಇಷ್ಟು ಓದಿದ ಡಾಕ್ಟರ ಹತ್ತಿರ ಮಾತ್ರ ಇಲ್ಲ.

ಜುಲೈ 13, ಭಾನುವಾರ

ನಮ್ಮ ಹೊಗೆಸೊಪ್ಪಿನ ಮೊದಲ ಕೊಯ್ಲು. ಮುಯ್ಯಾಳಿಗೆ ಪುಟ್ಟಸಿದ್ದಮ್ಮಕ್ಕ, ಅವಳ ಮಗಳು ಅನುಶ್ರೀ, ಬೀದಿಯ ಇನ್ನಷ್ಟು ಹೆಂಗಸರು ಬಂದರು. ಇವತ್ತು ಅವರು ನಮಗೆ ಬಂದರೆ, ಅವರ ಕೊಯ್ಲಿಗೆ ನಾವು ಹೋಗುವುದು.

ಶೆಡ್ಡಿನಲ್ಲಿ ಹೊಗೆಸೊಪ್ಪು ಕಡ್ಡಿಗೆ ಕಟ್ಟುವಾಗ ರಮ್ಯ ಬೇರೆಯೇ ಹುಡುಗಿ. ಪಕ್ಕದಲ್ಲಿ ಅನುಶ್ರೀ ಇರಬೇಕು, ಅಷ್ಟೇ. ಕೈ ಓಡುತ್ತಿರುತ್ತದೆ, ಬಾಯಿ ಅದಕ್ಕಿಂತ ಜೋರು. "ನಿನ್ ಮಗ್ಳ ಕೈಗೆ ನಾಕ್ ಆಳೂ ಸಮ ಇಲ್ಲ ಕಣೇ" ಅಂದಳು ಪುಟ್ಟಸಿದ್ದಮ್ಮಕ್ಕ. ರಮ್ಯ ನಾಚಿದಳು. ಎಷ್ಟು ದಿನವಾಯಿತು ಅವಳು ನಾಚಿದ್ದು ನೋಡಿ.

ಜುಲೈ 19, ಶನಿವಾರ

ಅನುಶ್ರೀ ಹೇಳದೆ ಕೆ.ಆರ್. ನಗರದ ಸೋದರತ್ತೆ ಮನೆಗೆ ಹೋದಳು. ಫೋನ್ ಎತ್ತಲಿಲ್ಲ. ಅಷ್ಟಕ್ಕೇ… "ನನ್ನ ಕಂಡ್ರೆ ಯಾರಿಗೂ ಆಗಲ್ಲ, ಒಬ್ಬೊಬ್ರಾಗಿ ಬಿಟ್ಟೋಗ್ತೀರ." ರಮ್ಯ ಊಟ ಬಿಟ್ಟಳು. ಸ್ನಾನದ ಮನೆಯಿಂದ ಬಂದಾಗ ತೋಳಿನ ಮೇಲೆ ಹೊಸ ಗಾಯ. ಹಳೆಯವು ಇನ್ನೂ ಮಾಸಿಲ್ಲ.

ಅವಳ ಕೋಣೆಯ ಚಿಲಕ ಬಿಚ್ಚಿಸಿದೆ. ಕೊಬ್ಬು ಅನ್ನುತ್ತಿದ್ದ ಮನುಷ್ಯ ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಒಲೆ ಮುಂದೆ ಕೂತು ಅಳುತ್ತಿದ್ದರು. ಹೊಗೆ ಕಣೇ, ಅಂದರು.

ಜುಲೈ 24, ಗುರುವಾರ

ಮೈಸೂರಿಗೆ ಹೋಗಿದ್ದೆವು, ಬೇರೆ ಡಾಕ್ಟರ ಹತ್ತಿರ. ರಮ್ಯಳನ್ನು ಹೊರಗೆ ಕೂರಿಸಿ ನನ್ನನ್ನು ನಾಲ್ಕು ಪ್ರಶ್ನೆ ಕೇಳಿ ಹೇಳಿಬಿಟ್ಟರು — ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಕುರ್ಚಿಯಲ್ಲೇ ಕಣ್ಣೀರು ಬಂತು. ದುಃಖಕ್ಕಲ್ಲ. ಗಾಳಿಯಲ್ಲ, ಕೊಬ್ಬಲ್ಲ, ನಾನು ಸಾಕಿದ್ದು ಸರಿಯಿಲ್ಲ ಅಂತಲೂ ಅಲ್ಲ. ಕಾಯಿಲೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದ ಹಾಗೆ ಇದೂ ಒಂದು.

ಬಸ್ಸಿನಲ್ಲಿ ಕೇಳಿದಳು: "ಏನಂದ್ರಮ್ಮ?"

ನಿಶ್ಶಕ್ತಿ ಅಂತೆ, ಅಂದೆ. ಸಮಯ ನೋಡಿ ಹೇಳಿದರಾಯಿತು.

ಜುಲೈ 27, ಭಾನುವಾರ

ಮುಯ್ಯಿ ತೀರಿಸಲು ಪುಟ್ಟಸಿದ್ದಮ್ಮಕ್ಕನ ಶೆಡ್ಡಿಗೆ ಹೋಗಿದ್ದೆ. ರಮ್ಯ ತಲೆನೋವೆಂದು ಮಲಗಿದ್ದಳು. ಮಾತು ಅವಳ ಕಾಯಿಲೆಗೇ ಬಂತು.

"ಗಾಳಿ ಸೋಕ್ಬುಟ್ಟದೆ ಕಣವ್ವ. ಅಮಾಸೆಗೆ ಒಂದ್ ಯಂತ್ರ ಕಟ್ಸು, ಸರಿ ಓಯ್ತದೆ" ಅಂದಳು ಪುಟ್ಟಸಿದ್ದಮ್ಮಕ್ಕ.

ತಡೆಯಲಾಗಲಿಲ್ಲ. ಮೈಸೂರಿನ ಡಾಕ್ಟರು ಹೇಳಿದ ಹೆಸರನ್ನು ಪೂರ್ತಿ ಹೇಳಿದೆ. ಕೈ ಕುಯ್ದುಕೊಳ್ಳುವುದು, ರೇಗುವುದು, ಅಂಟಿಕೊಳ್ಳುವುದು ಎಲ್ಲ ಅದರದೇ ಲಕ್ಷಣ ಅಂತ ಅಂಗನವಾಡಿಯಲ್ಲಿ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದೆ.

"ವಾಸಿ ಆಯ್ತದಾ?"

"ವರ್ಷಗಟ್ಲೆ ನೋಡ್ಕೋಬೇಕಂತೆ."

ಹೆಂಗಸರು ತಲೆ ತಗ್ಗಿಸಿ ಸೊಪ್ಪು ಕಟ್ಟತೊಡಗಿದರು. ಅನುಶ್ರೀ ಕೈಲಿದ್ದ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಎಲ್ಲರ ಬಾಯಿ ಮುಚ್ಚಿಸಿದೆ ಅಂತ ಬೀಗುತ್ತಾ ಮನೆಗೆ ಬಂದೆ.

ಆಗಸ್ಟ್ 3, ಭಾನುವಾರ

ನಮ್ಮ ಎರಡನೇ ಕೊಯ್ಲು. ರಮ್ಯ ನಾನು ಹೇಳುವ ಮೊದಲೇ ಶೆಡ್ ಗುಡಿಸಿ, ತನ್ನ ಪಕ್ಕ ಅನುಶ್ರೀಗೆ ಗೋಣಿಚೀಲ ಮಡಿಸಿ ಹಾಸಿದ್ದಳು.

ಪುಟ್ಟಸಿದ್ದಮ್ಮಕ್ಕ ಬರಲಿಲ್ಲ. ಎರಡು ಕೂಲಿಯಾಳು ಕಳಿಸಿದಳು. ಮಿಕ್ಕವರೂ ಹಾಗೇ ಮಾಡಿದರು. ಮುಯ್ಯಿಗೆ ಮನೆಯವರೇ ಬರಬೇಕು. ಕೂಲಿಯಾಳು ಕಳಿಸಿದರೆ, ನಿಮ್ಮ ಋಣ ಮುಗಿಯಿತು, ಇನ್ನು ನಮ್ಮ ಹೊಸಿಲು ತುಳಿಯಬೇಡಿ ಅಂತ ಅರ್ಥ. ಹೊಲದ ತಂಟೆಗೆ, ದಾಯಾದಿ ಜಗಳಕ್ಕೆ ಹಾಗೆ ಕಳಿಸಿದ್ದು ಕಂಡಿದ್ದೇನೆ. ಈಗ ನನ್ನ ಮಗುವಿನ ಕಾಯಿಲೆಗೆ ಕಳಿಸಿದರು.

ಆ ಗೋಣಿಚೀಲದ ಮೇಲೆ ಕೂಲಿಯ ಹೆಂಗಸೊಬ್ಬಳು ಕೂರಲು ಹೋದಳು. "ಅಲ್ಲಿ ಜನ ಬತ್ತಾರೆ" ಅಂದಳು ರಮ್ಯ. ಮಧ್ಯಾಹ್ನದವರೆಗೂ ಹಾಗೇ ಅನ್ನುತ್ತಿದ್ದಳು.

ಅದೇ ದಿನ, ಸಂಜೆ

ರಮ್ಯ ಅನುಶ್ರೀ ಮನೆಗೆ ಹೋಗಿ ಬಂದಳು. ಕೂಗಲಿಲ್ಲ, ಪಾತ್ರೆ ಎಸೆಯಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು:

"ಬಾರ್ಡರ್‌ಲೈನ್ ಅಂದ್ರೆ ಏನಮ್ಮ?"

ಒಲೆಯ ಉರಿ ತಗ್ಗಿಸಿದೆ.

"ಅನು ಹೇಳಿದ್ಲು. ನನ್ ಜೊತೆ ಸೇರ್ಬೇಡ ಅಂದ್ರಂತೆ ಅವ್ರಮ್ಮ. ನೀನೇ ಹೇಳ್ದೆಯಂತೆ." ಆಮೇಲೆ, "ನಂಗಿಂತ ಮುಂಚೆ ಅವ್ರಿಗೆ ಹೇಳ್ದಾ?"

ಆಗಸ್ಟ್ 12, ಮಂಗಳವಾರ. ಹುಣಸೂರು ಆಸ್ಪತ್ರೆ, ಹೊರಗಿನ ಬೆಂಚು

ಇಷ್ಟು ದಿನ ಡೈರಿ ಮುಟ್ಟಲಿಲ್ಲ. ರಮ್ಯ ಮಾತು ಬಿಟ್ಟಿದ್ದಾಳೆ. ಬಡಿಸಿದ್ದು ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಒಂದು ಸಲ ಬೈದುಬಿಡು ಅಂತ ಕಾಲು ಹಿಡಿಯುವುದೊಂದು ಬಾಕಿ. ಇವರು ಬ್ಯಾರನ್ ಒಲೆ ಬಿಟ್ಟು ಅವಳ ಕೋಣೆಯ ಬಾಗಿಲಲ್ಲೇ ಕೂತಿರುತ್ತಿದ್ದರು. ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಯಿತು. "ಓಗ್ಲಿ ಬುಡು" ಅಂದರು, ಅಷ್ಟೇ.

ಇವತ್ತು ಕರೆಯದೆಯೇ ಹೊರಟು ನಿಂತಳು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಮುಂದೆ ಹೋಗಿ ನಮ್ಮೂರ ಕ್ಯಾಂಪಿನ ಟಿಬೆಟಿಯನ್ ಅಜ್ಜಿಯೊಬ್ಬರ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ತಲೆ ಆ ಅಜ್ಜಿಯ ಹೆಗಲಿಗೆ ಒರಗಿತು. ಅವರು ಜಪಮಣಿ ಎಣಿಸುತ್ತಾ ಅಲುಗದೆ ಕೂತರು. ನಾನು ಹಿಂದಿನಿಂದ ನೋಡುತ್ತಿದ್ದೆ.

ಡಾಕ್ಟರ್ ಸಂಘಮಿತ್ರ ಅವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ಆ ಹೆಸರು ಸರಿಯೋ ತಪ್ಪೋ, ನನಗಿನ್ನೂ ಗೊತ್ತಿಲ್ಲ. ಈಗ ಅವಳ ಮಾತು ಕೇಳೋಣ" ಅಂದರು. ರಮ್ಯ ಒಳಗೆ ಹೊರಟಾಗ ನಾನೂ ಎದ್ದೆ. "ಅಮ್ಮ ಬರೋದು ಬೇಡ." ಇಷ್ಟು ದಿನಕ್ಕೆ ಅವಳ ಮೊದಲ ಮಾತು. ಅದೂ ಡಾಕ್ಟರಿಗೆ.

ಒಳಗೆ ಅಳುತ್ತಿದ್ದಾಳೆ. ಜೋರಾಗಿ, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ. ಆಗ ಎತ್ತಿಕೊಂಡರೆ ಸುಮ್ಮನಾಗುತ್ತಿದ್ದಳು. ಈಗ ಬಾಗಿಲು ತಟ್ಟುವುದಕ್ಕೂ ನನಗೆ ಧೈರ್ಯವಿಲ್ಲ. ಹೊರಗೆ ಬಂದರೆ ಏನು ಹೇಳಲಿ? ತಪ್ಪಾಯಿತು ಅನ್ನಲೇ? ನೀನು ನನ್ನ ರಮ್ಯ, ಬೇರೆ ಯಾವ ಹೆಸರೂ ನನಗೆ ಬೇಡ ಅನ್ನಲೇ?

ಬಾಗಿಲು ತೆರೆಯಿತು. ಕಣ್ಣು ಊದಿದೆ. ನೀರಿನ ಬಾಟಲಿ ಚಾಚಿದೆ. ದಾಟಿಕೊಂಡು ಹೋದಳು. ಗೇಟಿನ ಹತ್ತಿರ ನಿಂತಿದ್ದಾಳೆ, ಆ ಕಡೆ ಮುಖ ಮಾಡಿ. ನನಗಾಗಿಯೇ ನಿಂತಳೋ, ಬಸ್ಸು ನೋಡುತ್ತಿದ್ದಾಳೋ… ಒಂದು ಸಲ ತಿರುಗಿದರೆ ಸಾಕು, ನಾನು ಈ ಡೈರಿ ಮುಚ್ಚಿ ಅವಳ ಹತ್ತಿರ ಓಡುತ್ತೇನೆ.