ಬೋಲ್ಟಿನ ಮೇಲೆ ನಿಂತ ಅಟ್ಟ

ಗ್ರಂಥಾಲಯದ ಹಿಂದಿನ ತಗಡಿನ ಶೆಡ್ಡು
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಮಾಡಿದೆ ಎಂದು ತಮ್ಮನಿಗೆ ಸುಳ್ಳು ಹೇಳುತ್ತಿದ್ದೀಯೋ? ಅವನ ಮನೆ ಬಾಗಿಲು ಕಿರುಗುಟ್ಟುತ್ತದೆಂದು ನೀನು ಕೀಲು ಬಿಚ್ಚಿಟ್ಟು ಕೂತಿದ್ದೆಯಂತೆ, ನಾದಿನಿ ಫೋನಿನಲ್ಲಿ ಹೇಳಿ ನಕ್ಕಳು. ನಿವೃತ್ತಿ ಎಂಬುದು ನಿನ್ನ ಹಣೆಯಲ್ಲೇ ಬರೆದಿಲ್ಲ. ನನ್ನದೂ ಅದೇ ಹಾಡು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಈ ಕಾಗದಕ್ಕೆ ಕೂತು ಆಗಲೇ ಎರಡು ಸಲ ಎದ್ದು ಹಜಾರ ಸುತ್ತಿ ಬಂದೆ.

ಕಾಲೇಜಿನ ಹಳೆಯ ಕಟ್ಟಡದ ದುರಸ್ತಿ ಕೆಲಸ ಅರ್ಧ ಮುಗಿದಿದೆ. ಗಡಿಯಾರದ ಗೋಪುರದ ಬಿರುಕಿಗೆ ಸುಣ್ಣದ ಗಾರೆ ತುಂಬಿಸಿದ್ದಾಯಿತು. ಸಿಮೆಂಟು ಹಾಕಿ ಬೇಗ ಮುಗಿಸೋಣ ಎಂದ ಗುತ್ತಿಗೆದಾರನಿಗೆ ನಿನ್ನ ಧಾಟಿಯಲ್ಲೇ ಗದರಿದೆ. ಉಳಿದದ್ದು ಗ್ರಂಥಾಲಯ. ಅಂದರೆ ನಿನ್ನ ಅಟ್ಟ.

ಪುಸ್ತಕ ಇಡಲು ಜಾಗವಿಲ್ಲವೆಂದು ಕಾಲೇಜಿನವರು ಗೋಳಾಡಿದಾಗ ನೀನು ಓದುವ ಹಜಾರದ ಅರ್ಧ ಎತ್ತರಕ್ಕೆ ಹಾಸಿದ ಆ ಮರದ ಅಟ್ಟ. ಬದುಕಿಡೀ ಬೇರೆಯವರು ಕಟ್ಟಿದ್ದನ್ನೇ ರಿಪೇರಿ ಮಾಡಿದವನು ನೀನು. ಇದು ನನ್ನದು ಎಂದು ಹೇಳಿಕೊಳ್ಳಲು ನಿನಗಿರುವುದು ಅದೊಂದೇ. ನೆಂಟರು ಬಂದರೆ ಕಾಫಿಗೂ ಮೊದಲು ಅದನ್ನು ತೋರಿಸಲು ಕರೆದುಕೊಂಡು ಹೋಗುತ್ತಿದ್ದೆ, ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಅದು ಆ ದೊಡ್ಡ ಕಿಟಕಿಗಳನ್ನು ನಡುವೆಯೇ ಕತ್ತರಿಸುತ್ತದೆ, ಅಪ್ಪಾ. ಕೆಳಗೆ ಕೂತ ಮಕ್ಕಳು ನಡುಹಗಲಲ್ಲೂ ಟ್ಯೂಬ್‌ಲೈಟಿನಲ್ಲಿ ಓದುತ್ತಾರೆ. ಪುಸ್ತಕಗಳಿಗೀಗ ಬೇರೆ ಕಟ್ಟಡವೇ ಆಗಿದೆ. ಮೇಲೆ ಮುರಿದ ಕುರ್ಚಿಗಳಿವೆ, ಅಷ್ಟೇ.

ಬೇರೆಯವರ ಅಟ್ಟವಾಗಿದ್ದರೆ ನಕ್ಷೆಯಲ್ಲಿ ಕೆಂಪು ಬಳಿದು ಊಟಕ್ಕೆ ಹೋಗುತ್ತಿದ್ದೆ. ತೆಗೆಯಬೇಕಾದ ಎಲ್ಲದಕ್ಕೂ ಕೆಂಪು ಬಳಿದೆ, ಇದೊಂದನ್ನು ಬಿಟ್ಟು. ಗುತ್ತಿಗೆದಾರ ದಿನಾ ಬಂದು "ಮೇಡಂ, ಇದು ಇರೋದಾ, ಹೋಗೋದಾ?" ಅಂತಾನೆ. ನಾನು "ನೋಡೋಣ" ಎಂದು ಸಾಗಹಾಕುತ್ತಾ ಬಂದೆ. ಉಳಿಸಲು ಒಂದು ನೆಪ ಬೇಕಿತ್ತು. ಕಿತ್ತರೆ ಹಳೆಯ ಕಲ್ಲಿನ ಕಂಬಕ್ಕೆ ಪೆಟ್ಟಾಗುತ್ತದೆ ಎಂದಾದರೆ ಸಾಕು, ಯಾರೂ ಮುಟ್ಟುವಂತಿಲ್ಲ. ಅದಕ್ಕೇ ಏಣಿ ಹಾಕಿಸಿ ನಾನೇ ಹತ್ತಿ ಹಲಗೆ ಬಿಚ್ಚಿಸಿ ನೋಡಿದೆ.

ಕಂಬದಲ್ಲಿ ಒಂದೂ ತೂತಿಲ್ಲ! ಕಂಬದ ಸುತ್ತ ಕಬ್ಬಿಣದ ಪಟ್ಟಿ ತಬ್ಬಿಸಿ, ಕಲ್ಲು ಉಜ್ಜದಂತೆ ನಡುವೆ ಸೀಸದ ಹಾಳೆ ಇಟ್ಟು, ಬರೀ ಬೋಲ್ಟು ಬಿಗಿದು ನಿಲ್ಲಿಸಿದ್ದೀಯ. ಬಿಚ್ಚಿದರೆ ಕಂಬ ಮೊದಲಿನಂತೆಯೇ. "ಬೇರೆಯವರ ಮನೆಗೆ ಹೋದೋರು ಗೋಡೆಗೆ ಮೊಳೆ ಹೊಡೀತಾರೇನ್ರೋ?" ಎಂದು ಕೆಲಸದವರಿಗೆ ನೀನು ಕೂಗುತ್ತಿದ್ದದ್ದು ಅಲ್ಲೇ ಕಿವಿಗೆ ಬಿತ್ತು. ಏಣಿಯ ಮೇಲೇ ಅತ್ತುಬಿಟ್ಟೆ. ನಿನ್ನ ಮೇಲೆ ಸಿಟ್ಟೂ ಬಂತು. ಒಂದೇ ಒಂದು ಕಡೆ ಕೊರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ತಮ್ಮನ ಮನೆಯ ಬಾಗಿಲನ್ನು ಅದರ ಪಾಡಿಗೆ ಬಿಡು. ನಾದಿನಿಯನ್ನು ಕೇಳಿದೆ ಎಂದು ಹೇಳು, ಮಕ್ಕಳ ಕೆನ್ನೆ ಹಿಂಡು.

ನಿನ್ನ ಹಾಗೇ ನಿಂತಲ್ಲಿ ನಿಲ್ಲದ
ಮಗಳು

ಮರೆತದ್ದಕ್ಕೆ ಕೊನೆಯಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಸೋಮವಾರ ಅಟ್ಟ ಬಿಚ್ಚುತ್ತಾರೆ. ಇವತ್ತು ಬೆಳಿಗ್ಗೆ ಕೆಂಪು ಬಳಿದವಳು ನಾನೇ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು. ಭಾನುವಾರ ತಮ್ಮ ನಿನ್ನನ್ನು ಕರೆದುಕೊಂಡು ಬರುತ್ತಾನೆ. ಬಂದು ಎಷ್ಟು ಬೇಕಾದರೂ ಬೈಯಿ. ಬೇಡ ಎಂದು ಮಾತ್ರ ಹೇಳಬೇಡ, ಅಪ್ಪಾ. ನೀನು ಹೇಳಿದರೆ ನಾನು ಕೇಳಿಬಿಡುತ್ತೇನೆ.