ತಪ್ಪು ಯಾರದೆಂದು ಕೇಳಿದಿರಿ

ಸಾತನೂರಿನ ಹನುಮಂತಮ್ಮಜ್ಜಿಗೆ,

ಪಶುವೈದ್ಯೆ ನಯನಾ ಮಾಡುವ ನಮಸ್ಕಾರ. ನಿಮ್ಮ ಮೊಮ್ಮಗಳು ಧನುಶ್ರೀ ಇದನ್ನು ಓದಿ ಹೇಳಲಿ.

ನನಗೆ ಮಾಗಡಿಗೆ ವರ್ಗವಾಯಿತು. ಹೊರಡುವ ಮೊದಲು ನಿಮ್ಮನ್ನು ನೋಡಲು ಬರಬೇಕಿತ್ತು. ಧೈರ್ಯ ಸಾಲಲಿಲ್ಲ.

ನಿಮ್ಮ ಹಸು ಎರಡು ತಲೆಯ ಕರು ಹಾಕಿದ ದಿನ ನಾನು ಬರುವಷ್ಟರಲ್ಲಿ ಕೊಟ್ಟಿಗೆಯ ತುಂಬ ಜನ. ಎರಡೂ ಹಣೆಗೆ ಕುಂಕುಮ, ಮೈಮೇಲೆ ಕನಕಾಂಬರ. ಕರುವಿಗೆ ಏಳಲು ಆಗುತ್ತಿರಲಿಲ್ಲ. ಒಂದು ಬಾಯಿಗೆ ಹಾಲು ಬಿಟ್ಟರೆ ಇನ್ನೊಂದರಿಂದ ಸುರಿಯುತ್ತಿತ್ತು. ಉಸಿರೆಳೆದಾಗಲೆಲ್ಲ ನರಳುತ್ತಿತ್ತು. ಇದು ಉಳಿಯುವುದಿಲ್ಲ, ಇಂಜೆಕ್ಷನ್ ಕೊಟ್ಟು ನೋವು ತಪ್ಪಿಸೋಣ ಎಂದೆ. ನಿಮ್ಮ ಮೈದುನ ಬೋರಲಿಂಗಯ್ಯನವರು ಅಡ್ಡ ನಿಂತರು. "ದೇವ್ರು ಬಂದೈತೆ, ಅದಕ್ಕೆ ಸೂಜಿ ಚುಚ್ಚೀರಾ?"

ನೀವು ಕುಕ್ಕರಗಾಲಲ್ಲಿ ಕೂತು ಕರುವಿನ ಬೆನ್ನು ಸವರುತ್ತಿದ್ದಿರಿ. ತಲೆಯೆತ್ತದೆ ಹೇಳಿದಿರಿ: "ದೇವ್ರಾದ್ರೂ ನೋವು ನೋವೇ ಕಣಪ್ಪ. ಬುಡು, ಕೊಡ್ಲಿ."

ಜನ ಬೈದುಕೊಂಡು ಹೋದರು. ಕರು ತಣ್ಣಗಾದ ಮೇಲೆ ನನ್ನ ಕೈಗೆ ನೀರು ಹಾಕುತ್ತಾ, ನಲವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದಿರಿ. ನಿಮ್ಮ ಚೊಚ್ಚಲ ಕೂಸು ಬೆನ್ನು ಸೀಳಿಕೊಂಡೇ ಹುಟ್ಟಿತ್ತು. ಒಂಬತ್ತು ದಿನ ಬದುಕಿತು. ಬಸುರಿ ಗ್ರಹಣದಲ್ಲಿ ಹೊರಗೆ ಬಂದ ಪಾಪ ಎಂದು ನಿಮ್ಮತ್ತೆ ಅದನ್ನು ನಿಮ್ಮ ಮಡಿಲಿಗೂ ಕೊಡಲಿಲ್ಲ.

"ಅದು ನನ್ ಪಾಪ್ವಾ, ಡಾಕ್ಟ್ರವ್ವ?"

ಅಲ್ಲ ಅಜ್ಜಿ, ಎಂದೆ. ಹೊಟ್ಟೆಯಲ್ಲಿ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ ಮೈ ಕಟ್ಟಿಕೊಳ್ಳುವಾಗ ಒಮ್ಮೊಮ್ಮೆ ಕೂಡಬೇಕಾದ್ದು ಕೂಡುವುದಿಲ್ಲ, ಬೇರೆಯಾಗಬೇಕಾದ್ದು ಆಗುವುದಿಲ್ಲ. ಗ್ರಹಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಿರಿ. ಆಮೇಲೆ ಕೇಳಿದಿರಿ: "ಹಂಗಾರೆ ತಪ್ಪು ಯಾರ್ದು?"

ಯಾರದೂ ಅಲ್ಲ. ನನ್ನ ಓದಿಗೆ ಗೊತ್ತಿರುವ ಉತ್ತರ ಅಷ್ಟೇ. ನಿಮ್ಮ ಮುಖ ನೋಡಿಕೊಂಡು ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ. ಸ್ಕೂಟರ್ ತಿರುಗಿಸುವಾಗ ನೋಡಿದರೆ, ನೀವು ಜಗಲಿಯ ಗೂಡಿನಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದಿರಿ. ಇಷ್ಟಾದ ಮೇಲೂ ಯಾಕಜ್ಜಿ ಎಂದೆ.

"ಜಗಳ ಆಡಕ್ಕಾದ್ರೂ ಒಬ್ಬ ಬೇಕಲ್ಲವ್ವ," ಅಂದಿರಿ.

ಸಾಯುವ ಎಷ್ಟೋ ಜೀವಗಳ ಪಕ್ಕದಲ್ಲಿ ಕೂತಿದ್ದೇನೆ. ದೇವರನ್ನು ನಂಬದ ನನಗೆ ಜಗಳಕ್ಕೆ ಯಾರೂ ಇಲ್ಲ. ಅದಕ್ಕೇ ಇದನ್ನು ನಿಮಗೆ ಬರೆದೆ.

ನಿಮ್ಮ ಮನಸ್ಸು ಹಗುರವಾಗಲಿ. ನಿಮ್ಮ ದೇವರು ಎಲ್ಲೂ ತಪ್ಪಿಸಿಕೊಳ್ಳದೆ ನಿಮ್ಮ ಕೈಗೆ ಸಿಗಲಿ.

ನಿಮ್ಮ ಡಾಕ್ಟ್ರವ್ವ,
ನಯನಾ