ಎಡಕ್ಕ ಬಂತು ಎಂದು ಕೂಗುವವರು

ಪ್ರೀತಿಯ ರಹಮಾನ್ ಚಾಚಾ,

ಬ್ಯಾಡಗಿಯ ನಮ್ಮ ಮೈದಾನದಲ್ಲಿ ಮತ್ತೆ ಮೆಣಸಿನಕಾಯಿ ಹರವಿದ್ದಾರೆ. ಸಂಜೆ ಅದನ್ನು ರಾಶಿ ಮಾಡಿ ತಾಡಪತ್ರಿ ಮುಚ್ಚಿದ ಮೇಲೆಯೇ ಈಗಲೂ ನಮ್ಮ ಫುಟ್‌ಬಾಲ್. ನೀವು ಗೋಲಿನಲ್ಲಿ ನಿಂತು ಸೀನುತ್ತ, ಸೀನಿನ ನಡುವೆ ಇಡೀ ತಂಡವನ್ನು ಬೈಯುತ್ತಿದ್ದಿರಿ. ಈಗ ಅಲ್ಲಿ ಅಗಡಿಯಿಂದ ಸೈಕಲ್ ಮೇಲೆ ಬರುವ ಮಂಜುನಾಥ ನಿಲ್ಲುತ್ತಾನೆ. ಚೆಂಡು ಚೆನ್ನಾಗಿ ಹಿಡಿಯುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ನನ್ನ ಹೆದರಿಕೆ ಶುರುವಾಗಿದ್ದೇ ಅಲ್ಲಿಂದ. ಹೇಗೆ ಹೇಳಲಿ...

ಹೋದ ವರ್ಷ ಹಾವೇರಿಯವರೊಂದಿಗೆ ಆಡಿದ್ದು ನೆನಪಿದೆಯೇ? ನಿಮ್ಮ ಮುಂದೆ ಡಿಫೆನ್ಸ್, ಅದರ ಮುಂದೆ ಒಬ್ಬರೇ ಫಕೀರಪ್ಪ ಕಾಕಾ. ಹಗಲೆಲ್ಲ ಮೆಣಸಿನಕಾಯಿ ಚೀಲ ಹೊತ್ತ ಅದೇ ಹೆಗಲಿನಿಂದ ಎದುರಾಳಿಯನ್ನು ಸರಿಸಿ, ಚೆಂಡು ಕಿತ್ತು, ನಮ್ಮ ಕಾಲಿಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಗೋಲು ಹೊಡೆದವರನ್ನು ಎತ್ತಿ ಕುಣಿಸುವ ಜನ ಅವರನ್ನು ಒಮ್ಮೆಯಾದರೂ ಎತ್ತಿದರೇ? ಹಿಂದಿನಿಂದ ನಿಮ್ಮ ದನಿ ಮಾತ್ರ: “ಫಕೀರ್ಯಾ, ಎಡಕ್ಕ ಬಂತು ನೋಡೋ! ಎಡಕ್ಕ!”

ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ಕಾಕಾ ಪ್ರತಿ ಚೆಂಡಿಗೂ ತಡವಾದರು. ನಿನ್ನೆ ಮೊನ್ನೆ ಆಟ ಕಲಿತವರೂ ಅವರ ಪಕ್ಕದಲ್ಲಿ ನುಸುಳಿ ಹೋದರು. ಕಣ್ಣು ಕೆಂಪಗೆ, ಸದಾ ನೀರು. ಮೆಣಸಿನಕಾಯಿ ಘಾಟು ಎಂದುಕೊಂಡೆವು. ನಮ್ಮೂರಲ್ಲಿ ಯಾರ ಕಣ್ಣು ಕೆಂಪಗಿಲ್ಲ?

ತಂಡ ಆರಿಸಲು ಕೂತಾಗ ಕ್ಯಾಪ್ಟನ್ ಶಿವಾನಂದ, “ಕಾಕಾಗ ವಯಸ್ಸಾತು, ಇನ್ನ ಕುಂದ್ರಸೋಣು” ಎಂದ. ನಾನು ಎದ್ದು ನಿಂತೆ. ದುಡಿಸಿಕೊಂಡು ಮುಪ್ಪಿನಲ್ಲಿ ಹೊರಗೆ ತಳ್ಳುವುದು ಮಾಲೀಕರ ಬುದ್ಧಿ, ನಮ್ಮದಲ್ಲ ಎಂದು ಕೂಗಾಡಿದೆ. ನಾನು ಸದಾ ಕಾರ್ಮಿಕರ ಕರಪತ್ರ ಓದುವುದಕ್ಕೆ ನೀವೆಲ್ಲ ಇಟ್ಟ ಅಡ್ಡಹೆಸರು ಹಿಡಿದೇ ಶಿವಾನಂದ ತಿರುಗಿ ಕೂಗಿದ:

“ಲೇ ಕರಪತ್ರ, ಗೋಲ್ ಮ್ಯಾಲೆ ಗೋಲ್ ತಿನ್ನಾಕತ್ತೇವಿ. ಅದಕ್ಕೇನ್ ಬರದೈತಿ ನಿನ್ನ ಹಾಳ್ಯಾಗ?”

ಎಲ್ಲರೂ ನಕ್ಕರು. ಆದರೂ ನನ್ನ ಹಟವೇ ಗೆದ್ದಿತು.

ನಿನ್ನೆ ಆಡುವಾಗ ಎಡಗಡೆಯಿಂದ ಕಾಕಾಗೆ ಚೆಂಡು ಕೊಟ್ಟೆ. ಅದು ನೇರವಾಗಿ ಕಪಾಳಕ್ಕೆ ಬಡಿಯಿತು. ಅವರು ಕೈ ಎತ್ತಲಿಲ್ಲ ಚಾಚಾ, ರೆಪ್ಪೆ ಕೂಡ ಮಿಟುಕಿಸಲಿಲ್ಲ. ಆಮೇಲೆ ತಾಡಪತ್ರಿಯ ಪಕ್ಕ ಕೂತಿದ್ದಾಗ ಅವರ ಎಡಗಣ್ಣಿನ ಬಳಿ ಮೆಲ್ಲಗೆ ಕೈ ಆಡಿಸಿದೆ. ತಿರುಗಲಿಲ್ಲ.

“ಕಾಕಾ, ಈ ಕಣ್ಣು ಕಾಣಸ್ತೈತೇನ್ರಿ?”

“ಭಾಳ ವರ್ಷಾತು ತಮ್ಮಾ ಕಾಣದ. ರಹಮಾನಗ ಒಬ್ಬಗ ಗೊತ್ತಿತ್ತು. ಅಂವ ಹಿಂದಿಂದ ಒದರತಿದ್ದ, ನಾ ಓಡತಿದ್ದೆ.”

“ಬಲಗಣ್ಣು?”

“ಅದೊಂದು ಐತಿ. ಯಾರ ಮುಂದೂ ಹೇಳಬ್ಯಾಡ.”

ಭಾನುವಾರ ರಾಣೆಬೆನ್ನೂರಿನಲ್ಲಿ ಆಟ. ಅಲ್ಲಿಯವರು ಮೊಣಕೈ ಬೀಸಿಯೇ ಆಡುತ್ತಾರೆ. ಉಳಿದ ಆ ಒಂದು ಕಣ್ಣಿಗೆ ಬಡಿದರೆ? ನ್ಯಾಯ ಎಂದು ಭಾಷಣ ಮಾಡಿ ಅವರನ್ನು ಅಲ್ಲಿಗೆ ಕಳಿಸುತ್ತಿರುವವನು ನಾನೇ ಅಲ್ಲವೇ? ಹೊರಗೆ ಕೂಡಿಸಿದರೆ, ಶಿವಾನಂದನಿಗೂ ನನಗೂ ಏನು ಫರಕು? ಓದಿದ ಕರಪತ್ರಗಳನ್ನೆಲ್ಲ ಹರಡಿಕೊಂಡು ಕೂತೆ. ಯಾವುದರಲ್ಲೂ...

ಬೆಳಿಗ್ಗೆ ಪೇಟೆಗೆ ಹೋದೆ. ಕಾಕಾ ಚೀಲ ಇಳಿಸುತ್ತಿದ್ದರು.

“ಕಾಕಾ, ಭಾನುವಾರ ನಿಮ್ಮ ಜಾಗದಾಗ ನಾ ಆಡತೇನ್ರಿ. ಆದ್ರ ನನಗ ಆ ಜಾಗ ಗೊತ್ತಿಲ್ಲ. ಹಿಂದ ನಿಂತು ಒದರವರು ಬೇಕು.”

ಕಾಕಾ ಹೆಗಲ ಮೇಲಿನ ಚೀಲ ಕೆಳಗಿಟ್ಟರು. ಆಮೇಲೆ ತೋಳಿಗೆ ಕಣ್ಣೊರೆಸಿಕೊಂಡರು.

“ರಹಮಾನನಂಗ ಬೈತೇನಿ ಮತ್ತ. ಅಳಬಾರದು.”

“ಬೈರಿ.”

ಸೋಮವಾರ ಅವರನ್ನು ಹುಬ್ಬಳ್ಳಿಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಇನ್ನೂ ಒಪ್ಪಿಲ್ಲ, ಒಪ್ಪಿಸುತ್ತೇನೆ. ಡಾಕ್ಟರು ಏನು ಹೇಳುವರೋ ಎಂಬ ಹೆದರಿಕೆ ಬೇರೆ. ಭಾನುವಾರ ಗೋಲಿನ ಹಿಂದಿನಿಂದ “ಎಡಕ್ಕ!” ಎಂಬ ಕೂಗು ಬಂದರೆ ತಿರುಗಿ ನೋಡದೆ ಓಡುತ್ತೇನೆ ಚಾಚಾ. ತಿರುಗಿದರೆ ಅಲ್ಲಿ ನೀವಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ನಿಮ್ಮ
ಕರಪತ್ರ